ಬ್ರ್ಯಾಂಡು ಯಾವುದು ಅಂತಲ್ಲ, ಲೆನ್ಸು ಯಾರದು ಅಂತ ಕೇಳಿ

ಇವತ್ತು ಬೆಳಿಗ್ಗೆ ನಮ್ಮ ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ನಡೆದದ್ದನ್ನ ಬರೀದೇ ಇದ್ರೆ ನನಗೆ ತಿಂದ ದೋಸೆ ಅರಗಲ್ಲ.

ಕಾಲೇಜು ಮುಗಿಸಿರೋ ವಯಸ್ಸಿನ ಹುಡುಗ. ಕೊರಳಲ್ಲಿ ಹೊಸ ಕ್ಯಾಮೆರಾ, ಸ್ಕ್ರೀನಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. ಜೊಂಡಿನ ಹತ್ರ ಒಣಗಿದ ಕಡ್ಡಿ ಮೇಲಿದ್ದ ಮಿಂಚುಳ್ಳಿಗೆ ಗುರಿ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದ. ಅಷ್ಟರಲ್ಲಿ ಕೆರೆಗೆ ಬರೋ ನಮ್ಮ ಫೋಟೋ ಗುಂಪಿನ ಇಬ್ಬರು ಹಿರಿಯರು ಬಂದ್ರು. ಹೆಸರು ಬೇಡ. ಇಬ್ಬರೂ ಇದನ್ನ ಓದ್ತಾರೆ, ಓದಲಿ.

"ಏನಪ್ಪಾ, ಕ್ಯಾನನ್ನಾ? ಯಾರು ಹೇಳಿದ್ರು ನಿಂಗೆ ಇದನ್ನ ತಗೋ ಅಂತ?"

ಶುರುವಾಯ್ತು. ಒಬ್ಬರು ನಿಕಾನ್ ಅಂತಾರೆ, ಇನ್ನೊಬ್ಬರು ಸೋನಿ ಅಂತಾರೆ. ಆಟೋಫೋಕಸ್ಸು, ಬಣ್ಣ, ರೀಸೇಲ್ ವ್ಯಾಲ್ಯೂ, ಎಲ್ಲಾ ಬಂತು. ಮಿಂಚುಳ್ಳಿ ಮೀನು ಹಿಡೀತು, ಕಡ್ಡಿಗೆ ಬಡಿದು ಬಡಿದು ನುಂಗ್ತು, ಹಾರಿಹೋಯ್ತು. ಮೂವರಲ್ಲಿ ಒಬ್ಬರೂ ಶಟರ್ ಒತ್ತಲಿಲ್ಲ. ಕೊನೆಗೆ ಆ ಹುಡುಗ ಕೇಳಿದ, "ಹಂಗಾದ್ರೆ ಮಾರಿಬಿಡ್ಲಾ ಸಾರ್?" ಇಎಂಐ ಮೊದಲನೇ ಕಂತೂ ಕಟ್ಟಿಲ್ವಂತೆ ಪಾಪ.

ಅಲ್ರೀ, ನೀವಿಬ್ಬರೂ ನಿಮ್ಮ ಬ್ರ್ಯಾಂಡನ್ನ ಹೆಂಗೆ ಆರಿಸ್ಕೊಂಡ್ರಿ ಅಂತ ಈ ಊರಿಗೇ ಗೊತ್ತು. ಒಬ್ಬರಿಗೆ ಅಳಿಯ ಅಮೆರಿಕದಿಂದ ತಂದುಕೊಟ್ಟಿದ್ದು. ಏರ್‌ಪೋರ್ಟಲ್ಲಿ ಬ್ಯಾಗು ಕೈಗೆ ಬರೋವರೆಗೂ ಯಾವ ಕಂಪನಿದು ಅಂತಾನೇ ಗೊತ್ತಿರಲಿಲ್ಲ. ಇನ್ನೊಬ್ಬರು ದೀಪಾವಳಿ ಆಫರ್‌ನಲ್ಲಿ ಎರಡು ಲೆನ್ಸು, ಬ್ಯಾಗು, ಮೆಮೊರಿ ಕಾರ್ಡು ಎಲ್ಲಾ ಸೇರಿಸಿ ಕೊಡ್ತಾರೆ ಅಂತ ತಗೊಂಡಿದ್ದು. ತಗೊಂಡ ಮೇಲೆ ಯೂಟ್ಯೂಬಲ್ಲಿ ಕಾರಣ ಹುಡುಕಿದ್ದು. ತಪ್ಪೇನಿಲ್ಲ ಅದರಲ್ಲಿ. ಆದರೆ ಹತ್ತು ಕ್ಯಾಮೆರಾ ಬಿಚ್ಚಿ ಪರೀಕ್ಷೆ ಮಾಡಿ ತಗೊಂಡೋರ ಥರ ಹುಡುಗನ ಮುಂದೆ ಭಾಷಣ ಬೇಡ.

ಹವ್ಯಾಸಕ್ಕೆ ಫೋಟೋ ತೆಗೆಯೋ ನಮ್ಮಂಥವರಿಗೆ ಬ್ರ್ಯಾಂಡು ಮನೆದೇವರ ಹಾಗೆ. ಯಾರೂ ಆರಿಸ್ಕೊಳ್ಳಲ್ಲ, ಬಂದಿರುತ್ತೆ. ಬರೋ ದಾರಿ ಯಾವುದು ಅಂದ್ರೆ ಪಕ್ಕದವನ ಬ್ಯಾಗು. ಯಾರ ಹತ್ರ ಲೆನ್ಸು ಕಡ ಸಿಗುತ್ತೋ ಅವರ ಬ್ರ್ಯಾಂಡು ನಮ್ಮ ಬ್ರ್ಯಾಂಡು. ಯಾಕಂದ್ರೆ ಒಂದು ಕಂಪನಿಗೆ ಅಂತ ಮಾಡಿದ ಲೆನ್ಸು ಇನ್ನೊಂದು ಕಂಪನಿ ಮೌಂಟಿಗೆ, ಅಂದ್ರೆ ಕ್ಯಾಮೆರಾಗೆ ಲೆನ್ಸು ಸಿಕ್ಕಿಸೋ ಬಾಯಿಗೆ, ನೇರವಾಗಿ ಕೂರಲ್ಲ. ಬಾಡಿ, ಅಂದ್ರೆ ಲೆನ್ಸಿಲ್ಲದ ಬರೀ ಕ್ಯಾಮೆರಾ, ಕೊಳ್ಳೋಕೆ ಹೇಗೋ ದುಡ್ಡು ಹೊಂದಿಸ್ಬಹುದು, ದೂರದ್ದನ್ನ ಹತ್ರ ತೋರಿಸೋ ಒಳ್ಳೇ ಟೆಲಿ ಲೆನ್ಸಿಗೆ ಕೈ ಹಾಕೋಕೆ ಎದೆ ಬೇಕು.

ನಾನು ನಿಕಾನ್‌ನವಳು, ನಿಮಗೆಲ್ಲಾ ಗೊತ್ತು. ಯಾಕೆ ಅನ್ನೋದು ಗೊತ್ತಿಲ್ಲ. ಪಿಯುಸಿ ಮಕ್ಕಳಿಗೆ ಲೆನ್ಸು, ಫೋಕಲ್ ಲೆಂತು ಅಂತ ಪಾಠ ಮಾಡೋಳು, ಲೆಕ್ಕ ಹಾಕಿಯೇ ತಗೊಂಡಿರ್ತಾಳೆ ಅಂದ್ಕೊಂಡಿರ್ತೀರಿ. ಏನೂ ಇಲ್ಲ. ದುರ್ಗದಲ್ಲಿ ನಮ್ಮ ದೊಡ್ಡಪ್ಪನ ಮಗ ಅಣ್ಣನದು ಮದುವೆ ಫೋಟೋ ಸ್ಟುಡಿಯೋ. ಅವನ ಬೀರುನಲ್ಲಿ ನಿಕಾನ್‌ 70-200 ಎಫ್ 2.8 ಅನ್ನೋ ಟೆಲಿ ಲೆನ್ಸು ಇತ್ತು. ಲಗ್ನದ ಸೀಸನ್ನಲ್ಲಿ ಅದನ್ನ ಮುಟ್ಟೋಕೂ ಬಿಡಲ್ಲ. ಆದರೆ ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ, ಲೆನ್ಸಿಗೆ ಕೆಲಸ ಇಲ್ಲ. ಆಷಾಢ ಬಂತು ಅಂದ್ರೆ ಬೇರೆ ಮನೇಲಿ ಹೊಸ ಸೊಸೆ ತವರಿಗೆ ಹೋಗ್ತಾಳೆ, ನಮ್ಮನೆಗೆ 70-200 ಬರುತ್ತೆ. ನನ್ನ ಜೋಗಿಮಟ್ಟಿ ಬೆಟ್ಟದ ಫೋಟೋಗಳಲ್ಲಿ ಯಾವಾಗಲೂ ಬರೀ ಮೋಡ ಯಾಕೆ ಅಂತ ಕೇಳ್ತಿದ್ರಲ್ಲ, ಇದಕ್ಕೇ. ಬಿಸಿಲಲ್ಲಿ ಜೋಗಿಮಟ್ಟಿ ಹೆಂಗಿರುತ್ತೆ ಅಂತ ನನ್ನ ಕ್ಯಾಮೆರಾಗೆ ಗೊತ್ತೇ ಇಲ್ಲ. ಧನುರ್ಮಾಸ ಮಾತ್ರ ಪುಣ್ಯಕಾಲ. ವಲಸೆ ಹಕ್ಕಿನೂ ಬಂದಿರುತ್ತೆ, ಲೆನ್ಸೂ ಖಾಲಿ ಇರುತ್ತೆ.

ಇನ್ನೊಂದು ಕಾರಣಾನೂ ಇದೆ. ಆಗ ನಮ್ಮ ಗುಂಪಲ್ಲಿ ಕ್ಯಾನನ್ ಹಿಡಿದಿದ್ದ ಒಬ್ಬರ ಜಂಬ ನನಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ. "ಮೇಡಂ, ಈ ಕ್ಯಾಮೆರಾ ನಿಮ್ಮ ಕೈಗೆ ಭಾರ ಆಗಲ್ವಾ?" ಅಂತ ಸಿಕ್ಕಾಗಲೆಲ್ಲಾ ಕೇಳೋರು. ಅವರು ನಿಕಾನ್ ಹಿಡಿದಿದ್ರೆ ನಾನು ಇವತ್ತು ಕ್ಯಾನನ್‌ನವಳು. ಇದನ್ನೂ ತಾಂತ್ರಿಕ ಕಾರಣ ಅಂತಲೇ ಬರ್ಕೊಳ್ಳಿ.

ದೊಡ್ಡವರ ಕಥೆಯೂ ಬೇರೆ ಏನಲ್ಲ. ನಿಕಾನ್ ಹೆಸರು ಹೊರದೇಶಗಳಲ್ಲಿ ಕೇಳಿಬಂದದ್ದು ಹೆಂಗೆ ಅಂದ್ಕೊಂಡ್ರಿ? 1950ರಲ್ಲಿ ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಜಪಾನಿನಲ್ಲಿದ್ದಾಗ, ಅಲ್ಲಿನ ಗೆಳೆಯ ಜುನ್ ಮಿಕಿ ನಿಕಾನ್‌ನವರ ನಿಕ್ಕೋರ್ ಲೆನ್ಸಿನಲ್ಲಿ ಅವನದೇ ಒಂದು ಫೋಟೋ ತೆಗೆದು ತೋರಿಸಿದ. ಡಂಕನ್ ಬೆರಗಾಗಿ ಲೆನ್ಸಿನ ಕಾರ್ಖಾನೆಗೇ ಹೋದ. ತನ್ನ ಲೈಕಾ ಕ್ಯಾಮೆರಾಗೆ ಆ ಲೆನ್ಸು ಹಾಕ್ಕೊಂಡು (ಆಗ ಅದನ್ನ ಲೈಕಾ ಮೌಂಟಿಗೂ ಮಾಡ್ತಿದ್ರು) ಕೊರಿಯಾ ಯುದ್ಧದ ಫೋಟೋ ತೆಗೆದ. ಅವನ ನೋಡಿ ಜೊತೆಯವರೂ ಅದನ್ನೇ ಹುಡುಕ್ಕೊಂಡು ಹೋದ್ರು. ಗೆಳೆಯನ ಕೈಯಲ್ಲಿದ್ದ ಲೆನ್ಸು, ಅಷ್ಟೇ. ಇನ್ನೂ ಮಜಾ ಇದೆ. 1936ರಲ್ಲಿ ಬಂದ ಹನ್ಸಾ ಕ್ಯಾನನ್, ಅಂದ್ರೆ ಕ್ಯಾನನ್‌ನವರು ಮಾರಾಟಕ್ಕೆ ತಂದ ಮೊದಲ ಕ್ಯಾಮೆರಾ, ಅದಕ್ಕೆ ಲೆನ್ಸು ಮಾಡಿಕೊಟ್ಟಿದ್ದು ಯಾರು? ಇವತ್ತಿನ ನಿಕಾನ್‌ನವರೇ. ಆ ಕಂಪನಿಗಳೇ ಒಂದೇ ತಟ್ಟೇಲಿ ಉಂಡಿವೆ. ಏರಿ ಮೇಲೆ ನೀವು ಯಾಕ್ರೀ ಹೊಡೆದಾಡ್ತೀರಿ?

ಈಗ ಆ ಬಣ್ಣದ ಮಾತು. "ಕ್ಯಾನನ್ ಸ್ಕಿನ್ ಟೋನೇ ಬೇರೆ," "ಸೋನಿ ಹಸಿರು ಹೊಡೆಯುತ್ತೆ." ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರಿನ ಒಂದೊಂದು ಚುಕ್ಕಿ ಮುಂದೆ ಕೆಂಪು, ಹಸಿರು ಅಥವಾ ನೀಲಿ ಫಿಲ್ಟರ್ ಇರುತ್ತೆ, ಉಳಿದ ಬಣ್ಣವನ್ನ ಅಕ್ಕಪಕ್ಕದ ಚುಕ್ಕಿ ನೋಡಿ ಲೆಕ್ಕ ಹಾಕ್ತಾರೆ. ಆ ಲೆಕ್ಕದಲ್ಲಿ ಕಂಪನಿಗೊಂದು ರುಚಿ ಇರೋದು ನಿಜ. ಆದರೆ ರಾ ಫೈಲು, ಅಂದ್ರೆ ಸೆನ್ಸರ್ ಕೊಟ್ಟ ಹಸಿ ಮಾಹಿತಿ, ತೆಗೆದು ಕಂಪ್ಯೂಟರಲ್ಲಿ ಕೂತು ಸ್ಲೈಡರ್ ಎಳೆಯೋರು ನೀವೇ ತಾನೇ? ಕ್ಯಾಮೆರಾನೇ ಸಿದ್ಧಮಾಡಿ ಕೊಡೋ ಜೆಪೆಗ್ ಆದ್ರೂ ಒಳಗೆ ಬಣ್ಣ ಬದಲಿಸೋಕೆ ಪಿಕ್ಚರ್ ಕಂಟ್ರೋಲ್, ಪಿಕ್ಚರ್ ಸ್ಟೈಲ್ ಅಂತ ಇರುತ್ತಲ್ಲ, ಅದನ್ನ ಒಂದು ಸಲನಾದ್ರೂ ತೆಗೆದು ನೋಡಿದೀರಾ? ಇಷ್ಟೆಲ್ಲಾ ಆದ ಮೇಲೆ ಆ ಫೋಟೋನ ವಾಟ್ಸಾಪಲ್ಲಿ ಕಳಿಸ್ತೀರಿ. ಅಲ್ಲಿ ಹಿಂಡಿ ಹಿಪ್ಪೆಯಾಗಿ ಬಂದದ್ದನ್ನ ನೋಡಿ "ವ್ಹಾ, ಕ್ಯಾನನ್ ಕಲರ್" ಅಂತೀರಿ. ಸೆನ್ಸರಿನ ವಿಷಯಾನಂತೂ ಎತ್ತಲೇಬೇಡಿ. ಎಷ್ಟೋ ನಿಕಾನ್ ಕ್ಯಾಮೆರಾಗಳೊಳಗೆ ಇರೋದು ಸೋನಿಯವರು ತಯಾರಿಸಿದ ಸೆನ್ಸರ್ರು. ನಿಕಾನ್ ಭಕ್ತರು ಸೋನಿ ಬಣ್ಣವನ್ನ ಬೈಯುವಾಗ ನನಗೆ ಒಳಗೊಳಗೇ ನಗು.

"ಹಂಗಾದ್ರೆ ಬ್ರ್ಯಾಂಡುಗಳಲ್ಲಿ ವ್ಯತ್ಯಾಸನೇ ಇಲ್ವಾ ಮೇಡಂ?" ಅಂತೀರಿ. ಇದೆ ಸ್ವಾಮಿ. ಹುಡುಗನಿಗೆ ಹೇಳಬೇಕಾದ್ದು ಅದನ್ನೇ, ಆದರೆ ಅದನ್ನ ಯಾರೂ ಹೇಳಲಿಲ್ಲ. ನಿಕಾನ್ 1959ರ ಎಫ್ ಮೌಂಟನ್ನೇ ದಶಕಗಟ್ಟಲೆ ಹಿಡ್ಕೊಂಡು ಬಂತು, 2018ರಲ್ಲಿ ಝಡ್ ಮೌಂಟ್ ಬರೋವರೆಗೂ ಹಳೇ ಲೆನ್ಸು ಹೆಚ್ಚಾಗಿ ಹೊಸ ಬಾಡಿಗೆ ಕೂರ್ತಿತ್ತು. ಆದರೆ ಅವರ ಡಿ3000, ಡಿ5000 ಸಾಲಿನ ಅಗ್ಗದ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ತು ಅಂತ ತನ್ನದೇ ಮೋಟರ್ ಇಲ್ಲದ ಹಳೇ 50 ಎಂಎಂ 1.8ಡಿ ಲೆನ್ಸು ತಂದು ಹಾಕಿದ್ರೆ ಫೋಕಸ್ಸನ್ನ ಕೈಯಲ್ಲೇ ತಿರುಗಿಸ್ತಾ ಕೂರಬೇಕು. ಕ್ಯಾನನ್ 1987ರಲ್ಲಿ ಹಳೇ ಎಫ್‌ಡಿ ಮೌಂಟನ್ನೇ ಕೈಬಿಟ್ಟು, ಮೋಟರನ್ನ ಲೆನ್ಸಿನೊಳಗೇ ಇಟ್ಟು ಇಎಫ್ ತಂತು. ಸೋನಿ ತನ್ನ ಇ ಮೌಂಟಿನ ಅಳತೆ, ವಿವರಗಳನ್ನ 2011ರಲ್ಲೇ ಬೇರೆ ಲೆನ್ಸ್ ಕಂಪನಿಗಳಿಗೆ ಕೊಟ್ಟಿತು, ಅದಕ್ಕೇ ಅದಕ್ಕೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸು ಬೇಕಾದಷ್ಟು. ಜೇಬು ನೋಡ್ಕೊಂಡು ಹವ್ಯಾಸ ಮಾಡೋನಿಗೆ ಇವು ಲೆಕ್ಕಕ್ಕೆ ಬರ್ತವೆ. ಹಕ್ಕಿ ಕಣ್ಣು ಹಿಡಿಯೋ ಆಟೋಫೋಕಸ್ಸಲ್ಲಿ ಈ ವರ್ಷ ಇವರು ಮುಂದೆ, ಬರೋ ವರ್ಷ ಅವರು. ಅದರ ಹಿಂದೆ ಓಡಿದ್ರೆ ಮನೆ ಮಾರಬೇಕಾಗುತ್ತೆ. ಮತ್ತೆ, ಇವೆಲ್ಲಾ ತಿಳ್ಕೊಂಡು ಮೊದಲ ಕ್ಯಾಮೆರಾ ಕೊಂಡೋರು ನಮ್ಮ ಗುಂಪಲ್ಲಿ ಯಾರಾದ್ರೂ ಇದ್ದರೆ ಕೈ ಎತ್ತಿ. ಇಲ್ಲ ತಾನೇ?

ಒಂದ್ಸಲ ಬಂದ ಬ್ರ್ಯಾಂಡು ಬಿಟ್ಟೂ ಹೋಗಲ್ಲ. ಅದು ಪ್ರೀತಿ ಅಂದ್ಕೋಬೇಡಿ, ಬರೀ ಬೆರಳಿನ ರೂಢಿ. ನಿಕಾನ್ ಜೂಮ್ ರಿಂಗ್ ತಿರುಗೋ ದಿಕ್ಕೇ ಕ್ಯಾನನ್‌ಗೆ ಉಲ್ಟಾ. ಲೆನ್ಸು ಕೂರಿಸೋವಾಗ ತಿರುಗಿಸೋ ದಿಕ್ಕೂ ಉಲ್ಟಾ. ಕೊಂಡಜ್ಜಿ ಕೆರೇಲಿ ಗೆಳತಿಯ ಕ್ಯಾನನ್ ಇಸ್ಕೊಂಡು ಒಂದು ಬೂದು ಬಕ ನೋಡ್ತಿದ್ದೆ. ಅದು ಕತ್ತು ಚಾಚಿದ ಹೊತ್ತಿಗೆ ಸರಿಯಾಗಿ ಜೂಮ್ ಮಾಡೋಕೆ ಹೋದೆ, ಎಡಗೈ ಅದರ ಪಾಡಿಗೆ ಹಳೇ ದಿಕ್ಕಿಗೇ ತಿರುಗಿಸ್ತು. ಬಕ ಹೋಗಿ ಇಡೀ ಕೆರೆ ಬಂತು. ಗೆಳತಿ ಅದನ್ನ ಅಳಿಸಿಲ್ಲ, ನನ್ನ ಬರ್ತ್‌ಡೇಗೆ ಸ್ಟೇಟಸ್ ಹಾಕೋಕೆ ಇಟ್ಕೊಂಡಿದಾಳಂತೆ.

ಹುಡುಗನ ಹತ್ರ ಆಮೇಲೆ ನಾನು ಹೋದೆ. ನಿನ್ನ ಮನೆ ಹತ್ರ ಯಾರ ಬಳಿ ಕ್ಯಾನನ್ ಇದೆ ಅಂತ ಕೇಳಿದೆ. ಮಾವ ಹರಿಹರದಲ್ಲಿ ಫೋಟೋಗ್ರಾಫರ್ ಅಂತೆ, 55-250 ಲೆನ್ಸು ಕೊಡ್ತೀನಿ ಅಂದಿದ್ದಾರಂತೆ. ಮತ್ತಿನ್ನೇನು? ಮಾರೋ ಮಾತೆತ್ತಿದ್ರೆ ಮಾವನಿಗೇ ಹೇಳ್ತೀನಿ ಅಂತ ಗದರಿಸಿ ಬಂದೆ.

ಇನ್ನು ನನ್ನ ಪಾಡು. ಮೊನ್ನೆ ದುರ್ಗದಿಂದ ಅಣ್ಣ ಫೋನ್ ಮಾಡಿದ್ದ. ಮದುವೆ ವಿಡಿಯೋಗೆ ಅನುಕೂಲ ಅಂತ ಪೂರ್ತಿ ಸೋನಿಗೆ ಹೋಗಿಬಿಟ್ಟಿದ್ದಾನೆ. "ಆ ನಿಕಾನ್ ಲೆನ್ಸು ಕೊಟ್ಬಿಟ್ಟೆ ಕಣವ್ವ, ಒಳ್ಳೇ ರೇಟು ಬಂತು" ಅಂದ. ನನ್ನನ್ನ ಒಂದು ಮಾತು ಕೇಳಲಿಲ್ಲ! ಎರಡು ದಿನ ಅವನ ಫೋನ್ ಎತ್ತಲಿಲ್ಲ. ಆಮೇಲೆ ನಾನೇ ಮಾಡಿ, ಹೊಸ ಬೀರುನಲ್ಲಿ ಏನೇನಿದೆ ಅಂತ ವಿಚಾರಿಸಿದೆ. 70-200 ಇದೆಯಂತೆ, ಮೊದಲಿನದಕ್ಕಿಂತ ಹಗುರವಂತೆ. ಆಷಾಢಕ್ಕೆ ಕೊಡ್ತಾನಂತೆ.

ನಿನ್ನೆ ಅಂಗಡಿಗೆ ಹೋಗಿ ಸೋನಿ ಬಾಡಿಯೊಂದನ್ನ ಸುಮ್ನೆ ಹಿಡಿದು ನೋಡಿದೆ. ಚಿಕ್ಕ ಕೈಗೆ ಹಿಡಿತ ಚೆನ್ನಾಗಿ ಸಿಗುತ್ತೆ. ಮತ್ತೆ ಆ ಬಣ್ಣಾನೂ ಅಷ್ಟೇ, ಜನ ಆಡ್ಕೊಳ್ಳೋಷ್ಟೇನೂ ಹಸಿರಿಲ್ಲ ಬಿಡಿ.