ಕುಂಗ್ ಫೂ, ಬೋಧಿಧರ್ಮ ಮತ್ತು ನಮ್ಮ ಕಿನ್ನರ

"ಚೀನಾದವರಿಗೆ ಕುಂಗ್ ಫೂ ಕಲಿಸಿದ್ದು ದಕ್ಷಿಣ ಭಾರತದ ಬೌದ್ಧ ಭಿಕ್ಷು ಬೋಧಿಧರ್ಮ" ಅನ್ನುವ ಪೋಸ್ಟ್ ಮತ್ತೆ ಓಡಾಡುತ್ತಿದೆ. ದಯವಿಟ್ಟು ಅದನ್ನು ಶೇರ್ ಮಾಡಬೇಡಿ.

ಆ ಕಥೆಯ ಬೇರು ಇರುವುದು ಯಿಜಿನ್ ಜಿಂಗ್ ಅನ್ನುವ ವ್ಯಾಯಾಮದ ಪುಸ್ತಕದಲ್ಲಿ. ಅದು ಹುಟ್ಟಿದ್ದು 1624ರ ಸುಮಾರಿಗೆ, ಬೋಧಿಧರ್ಮ ತೀರಿಕೊಂಡು ಸಾವಿರ ವರ್ಷ ಕಳೆದ ಮೇಲೆ. ಟಾಂಗ್ ಹಾವೊ ಅನ್ನುವ ಚೀನೀ ಇತಿಹಾಸಕಾರ 1930ರಲ್ಲೇ ಈ ಕಥೆಯನ್ನು ಅಲ್ಲಗಳೆದಿದ್ದರು. ಕುಂಗ್ ಫೂಗೆ ಹೆಸರಾದ ಚೀನಾದ ಬೌದ್ಧ ಮಠ ಶಾವೊಲಿನ್‌ನಲ್ಲಿ 728ರ ಒಂದು ಶಾಸನವಿದೆ. ಅಲ್ಲಿನ ಸನ್ಯಾಸಿಗಳು 621ರಲ್ಲಿ ಟಾಂಗ್ ರಾಜವಂಶದ ರಾಜಕುಮಾರ ಲಿ ಶಿಮಿನ್ ಪರವಾಗಿ ಯುದ್ಧಕ್ಕಿಳಿದದ್ದನ್ನು ಅದು ಹೇಳುತ್ತದೆ, ಆದರೆ ಬೋಧಿಧರ್ಮ ಕಾದಾಟ ಕಲಿಸಿದ ಅನ್ನುವ ಮಾತೇ ಅದರಲ್ಲಿಲ್ಲ.

ಅಷ್ಟಕ್ಕೂ ಕುಂಗ್ ಫೂ ಅಂದರೆ ಒಬ್ಬರು ಕೂತು ಕಂಡುಹಿಡಿದ ವಿದ್ಯೆಯ ಹೆಸರಲ್ಲ. ಸಮಯ ಕೊಟ್ಟು, ಬೆವರು ಸುರಿಸಿ ಕೈಗೆ ಹತ್ತಿಸಿಕೊಂಡ ಪಳಗಿಕೆ, ಅಷ್ಟೇ. ಚೀನಾದ ಚಾವೊಝೌ ಕಡೆ ನಾಜೂಕಾಗಿ ಚಹಾ ಮಾಡುವುದಕ್ಕೂ ಅದೇ ಪದ. ಕಾದಾಟದ ಕಲೆಗೆ ಅವರು ಹೇಳುವುದು ವುಶು. ಸಿನಿಮಾಗಳಿಂದಾಗಿ ನಮಗೆಲ್ಲ ಕುಂಗ್ ಫೂ ಅನ್ನುವುದೇ ಬಾಯಿಗೆ ಬಂತು. ಇನ್ನು ತಾಯ್ ಚಿ ಅನ್ನುವ ಚೀನೀ ವರಸೆಯ ಹೆಸರಲ್ಲಿರುವ 'ಚಿ' ನಮ್ಮ ಪ್ರಾಣ ಅಂತ ಬರೆಯುವವರೂ ಇದ್ದಾರೆ. ಉಸಿರು, ಪ್ರಾಣಶಕ್ತಿ ಅನ್ನುವ ಅರ್ಥದ ಚಿ ಬೇರೆ ಅಕ್ಷರ. ತಾಯ್ ಚಿಯಲ್ಲಿರುವುದು ತುತ್ತತುದಿ ಅನ್ನುವ ಅರ್ಥದ್ದು.

ಹಾಗಂತ ನಮಗೂ ಅದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಶಾವೊಲಿನ್ ಅಂದರೆ ಶಾವೊಶಿ ಬೆಟ್ಟದ ಕಾಡು. ಆ ಮಠವನ್ನು 495ರಲ್ಲಿ ಕಟ್ಟಿಸಿದ್ದು ಭಾರತದಿಂದ ಹೋದ ಬಾತುವೊ ಅನ್ನುವ ಭಿಕ್ಷುವಿಗಾಗಿ. ಅವನ ಹೆಸರು ಎಷ್ಟು ಜನ ಕೇಳಿದ್ದೀರಿ? ಅಲ್ಲಿನ ಚಾನ್ ಅನ್ನುವ ಬೌದ್ಧ ಪಂಥದ ಹೆಸರು ನಮ್ಮ ಧ್ಯಾನದಿಂದ ಬಂದದ್ದು. ಲುವೊಹಾನ್ ಮುಷ್ಟಿ ಅನ್ನುವ ವರಸೆಯಲ್ಲಿರುವ ಲುವೊಹಾನ್ ನಮ್ಮ ಅರ್ಹತ, ಅಂದರೆ ಬೌದ್ಧರಲ್ಲಿ ಮುಕ್ತಿ ಪಡೆದವನು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಿನ್ನಾಲುವೊ, ಅಂದರೆ ಕಿನ್ನರ! ಯಿಜಿನ್ ಜಿಂಗ್ ಬಂದ ಆಸುಪಾಸಿನ ಕಾಲದಲ್ಲೇ, ಶಾವೊಲಿನ್‌ನಲ್ಲಿ ವರ್ಷಗಟ್ಟಲೆ ಕಲಿತ ಚೆಂಗ್ ಝೊಂಗ್‌ಯೂ ದೊಣ್ಣೆವರಸೆಯ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಆ ವಿದ್ಯೆಯ ಮೂಲಪುರುಷ ಅಂತ ಹೇಳಿರುವುದು ಬೋಧಿಧರ್ಮನನ್ನಲ್ಲ, ಕಿನ್ನರ ರಾಜನನ್ನು. ಮಠದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವನೊಬ್ಬ, ಕೆಂಪು ರುಮಾಲಿನ ದಂಗೆಕೋರರು ನುಗ್ಗಿದಾಗ ಒಲೆ ಕೆದಕುವ ಕೋಲು ಹಿಡಿದು, ಬೆಟ್ಟದೆತ್ತರ ಬೆಳೆದು ನಿಂತು ಅವರನ್ನು ಓಡಿಸಿದ, ಆಮೇಲೆ ನೋಡಿದರೆ ಅವನೇ ಕಿನ್ನರ ರಾಜ ಅನ್ನುವುದು ಸನ್ಯಾಸಿಗಳ ನಂಬಿಕೆ. ಇದೂ ಕಥೆಯೇ, ಆದರೆ ಅವರದೇ ಕಥೆ. ನಮ್ಮ ಪುರಾಣದಲ್ಲಿ ಹಾಡುತ್ತಾ ಕೂತಿದ್ದ ಕಿನ್ನರ ಬೌದ್ಧರ ಜೊತೆ ಅಷ್ಟು ದೂರ ಹೋಗಿ ದೊಣ್ಣೆ ಹಿಡಿದ ಅಂದರೆ ಎಷ್ಟು ಖುಷಿಯ ವಿಷಯ ಅಲ್ವಾ? ಹೆಮ್ಮೆಪಡುವುದಾದರೆ ಇದಕ್ಕೆ ಪಡೋಣ, ಇದನ್ನು ಶೇರ್ ಮಾಡಿ.