ಒಮ್ಮೆ ರಿಫ್ರೆಶ್ ಮಾಡು ಮಾರಾಯ

ಪಹಣಿಯ ಒಂದು ಪ್ರಿಂಟ್ ಬೇಕೆಂದು ಕಂಪ್ಯೂಟರ್ ಆನ್ ಮಾಡಿದರೆ, ಅದು ಕಣ್ಣು ಬಿಡುವಷ್ಟರಲ್ಲಿ ಚಾ ಕುಡಿದು, ಲೋಟ ತೊಳೆದಿಟ್ಟು, ಅಂಗಳದ ಅಡಿಕೆ ಮಗುಚಿ ಬರಬಹುದು. ಅದನ್ನಾದರೂ ಸಹಿಸಿಕೊಳ್ಳೋಣ. ಅಷ್ಟೂ ಹೊತ್ತು ಬೆನ್ನ ಹಿಂದೆ ನಿಂತು "ಒಮ್ಮೆ ರಿಫ್ರೆಶ್ ಮಾಡು ಮಾರಾಯ" ಎನ್ನುವ ಮಾವನನ್ನು ಸಹಿಸುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಕುಟುಂಬಕ್ಕೊಬ್ಬರಾದರೂ ಇಂಥ ಮಾವ ಇದ್ದಾರೆ. ದೇವಸ್ಥಾನದೊಳಗೆ ಕಾಲಿಟ್ಟವರು ಗಂಟೆ ಹೊಡೆದ ಹಾಗೆ, ಕುರ್ಚಿಯಲ್ಲಿ ಕೂತ ಕೂಡಲೇ ಇವರು ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತುತ್ತಾರೆ. ರಿಫ್ರೆಶ್. ಐಕಾನುಗಳು ಒಮ್ಮೆ ಮಿಣುಕುತ್ತವೆ. "ಹಾಂ, ಈಗ ಸ್ವಲ್ಪ ಹಗುರ ಆಯ್ತು." ಮತ್ತೊಮ್ಮೆ. ಗಡಿಬಿಡಿ ಇದ್ದ ದಿನ ಬಲಗುಂಡಿಯ ಉಪಚಾರವೂ ಇಲ್ಲ, ಎಫ್5 ಮೇಲೆ ಬೆರಳಿಟ್ಟರೆ ತೆಗೆಯುವುದೇ ಇಲ್ಲ. ಐಕಾನುಗಳು ಪತರಗುಟ್ಟುತ್ತಲೇ ಇರುತ್ತವೆ. ಎಕ್ಸೆಲ್ ತೆರೆಯುವ ಮೊದಲು ರಿಫ್ರೆಶ್, ಮುಚ್ಚಿದ ಮೇಲೆ ರಿಫ್ರೆಶ್, ಶಟ್‌ಡೌನ್ ಮಾಡುವ ಮುಂಚೆಯೂ ಒಂದು ರಿಫ್ರೆಶ್. ಬ್ಯಾಂಕಿನಲ್ಲಿ ಸರ್ವರ್ ಡೌನ್ ಅಂದರೆ ಕೌಂಟರಿನ ಗಾಜಿಗೆ ಮುಖ ತಾಗಿಸಿ "ಒಂದು ರಿಫ್ರೆಶ್ ಹೊಡೀರಿ ಮೇಡಂ" ಎಂದು ಪುಕ್ಕಟೆ ಸೇವೆ ಬೇರೆ.

ಮಾವನಿಗೆ ಬೇಸರವಾದರೂ ಸರಿ, ಹೇಳಲೇಬೇಕು: ಆ ರಿಫ್ರೆಶ್‌ನಿಂದ ಆಗುವುದು ಡೆಸ್ಕ್‌ಟಾಪಿನ ಐಕಾನುಗಳನ್ನು ಇನ್ನೊಮ್ಮೆ ಬಿಡಿಸುವ ಕೆಲಸ ಮಾತ್ರ. ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ನೆನಪು) ಖಾಲಿ ಆಗುವುದಿಲ್ಲ, ಪ್ರೊಸೆಸರಿಗೆ ಉಸಿರು ಸಿಗುವುದಿಲ್ಲ, ವೈರಸ್ ಓಡಿಹೋಗುವುದಿಲ್ಲ.

ಒತ್ತಲೇಬೇಕೆಂದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಯಂತ್ರದ ಯಾವ ಭಾಗಕ್ಕೆ ಎಷ್ಟು ಕೆಲಸ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಬರ್ತದೆ. ಸಿಪಿಯು (ಅದೇ ಪ್ರೊಸೆಸರ್) 8 ಶೇಕಡಾ ಎಂದು ಆರಾಮವಾಗಿದ್ದು, ಡಿಸ್ಕ್ ಕಾಲಮ್ಮಿನಲ್ಲಿ ಮಾತ್ರ 100 ಶೇಕಡಾ ಕೆಂಪಗೆ ಕೂತಿದೆಯೇ? ಅಪರಾಧಿ ಸಿಕ್ಕಿದ. ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ಹೊಡೆಯುತ್ತದೆ. ಚದುರಿಬಿದ್ದ ಒಂದೊಂದು ತುಣುಕನ್ನು ಹುಡುಕಿ ಓದಲು ಅದರ ಮುಳ್ಳಿಗೆ ಹೆಚ್ಚುಕಡಿಮೆ 10 ಮಿಲಿಸೆಕೆಂಡ್ ಬೇಕು. ಎಂದರೆ ಸೆಕೆಂಡಿಗೆ ಸುಮಾರು ನೂರು ತುಣುಕು. ವಿಂಡೋಸ್ ಏಳುವಾಗ ಕೇಳುವುದು ಸಾವಿರಗಟ್ಟಲೆ. ಅದರ ಮೇಲೆ ರ‍್ಯಾಮ್ ಬರೀ 4 ಜಿಬಿ ಇದ್ದರೆ, ಹಿಡಿಸದ್ದನ್ನೆಲ್ಲ ತಂದು ಸುರಿಯುವುದೂ ಇದೇ ಡಿಸ್ಕಿನ ತಲೆಗೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯನ್ನೂ ನೋಡಿಬಿಡಿ. ಪ್ರಿಂಟರು ಗುಜರಿಗೆ ಹೋಗಿ ವರ್ಷಗಳಾದರೂ ಅದರ ಸಾಫ್ಟ್‌ವೇರ್ ದಿನಾ ಬೆಳಿಗ್ಗೆ ಎದ್ದು ಡ್ಯೂಟಿಗೆ ಹಾಜರಾಗಿರುತ್ತದೆ. ಡಿಸೇಬಲ್ ಮಾಡಿ. ಆ್ಯಂಟಿವೈರಸ್ ಮುಟ್ಟಬೇಡಿ, ಎರಡೆರಡು ಇದ್ದರೆ ಒಂದನ್ನು ತೆಗೆಯಿರಿ.

ನಿಜವಾದ ಮದ್ದು ಹಾರ್ಡ್‌ಡಿಸ್ಕಿನ ಜಾಗಕ್ಕೆ ಹಾಕುವ, ತಿರುಗುವ ತಟ್ಟೆಯೇ ಇಲ್ಲದ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ವಿಂಡೋಸಿಗೂ ದಿನದ ಕೆಲಸಕ್ಕೂ 256 ಜಿಬಿ ಧಾರಾಳ. ಹಳೆಯದನ್ನು ಕ್ಲೋನ್ ಮಾಡುವ, ಅಂದರೆ ಇದ್ದ ಹಾಗೇ ಹೊಸದಕ್ಕೆ ನಕಲಿಸುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ 'ಕಾಶನ್' ಎಂದಿದ್ದರೆ ಮೊದಲು ಫೋಟೋ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿ. ಕ್ಲೋನ್ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕಿನ ಕೇಬಲ್ ಕಳಚಿಡಿ. ಇಲ್ಲದಿದ್ದರೆ ಯಂತ್ರ ಮತ್ತೆ ಹಳೆಯದರಿಂದಲೇ ಏಳುವ ಸಾಧ್ಯತೆ ಉಂಟು. ಆಗ "ದುಡ್ಡು ದಂಡ, ನಾನು ಆಗ್ಲೇ ಹೇಳಿದ್ದೆ" ಎಂಬ ಮಾತು ಹಿಂದಿನಿಂದ ಕೇಳಿಬರುತ್ತದೆ.

ಅತ್ತೆ ಕ್ರೋಶಾದಲ್ಲಿ ಹೆಣೆದು ಕ್ಯಾಬಿನೆಟ್ಟಿಗೆ ತೊಡಿಸಿದ ಕವರು ಚಂದವೇ, ಕಂಪ್ಯೂಟರ್ ಆನ್ ಇರುವಾಗ ತೆಗೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಫ್ಯಾನಿನ ಧೂಳು ಅಂಟಾಗಿ ಕೂರುತ್ತದೆ, ಗಾಳಿ ಆಡುವುದಿಲ್ಲ, ಶಾಖ 100 ಡಿಗ್ರಿಯ ಹತ್ತಿರ ಹೋದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ರಶ್ಶಿನಿಂದ ಕೆರೆದು ಬ್ಲೋವರ್ ಹಿಡಿಯಿರಿ.

"ದಿನಾ ರಾತ್ರಿ ಶಟ್‌ಡೌನ್ ಮಾಡ್ತೇನೆ" ಎನ್ನುವವರು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ 'ಅಪ್ ಟೈಮ್', ಅಂದರೆ ಕಳೆದ ಸಲ ಹೊಸದಾಗಿ ಎದ್ದು ಎಷ್ಟು ಹೊತ್ತಾಯ್ತು ಎಂಬ ಲೆಕ್ಕ ನೋಡಬೇಕು. 26 ದಿನ ಎಂದಿದ್ದರೂ ಆಶ್ಚರ್ಯವಿಲ್ಲ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಎಂದರೆ ಅರೆನಿದ್ದೆ. ವಿಂಡೋಸಿನ ತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು ಬೆಳಿಗ್ಗೆ ಎದ್ದು ಬರುತ್ತದೆ. ನಿಜವಾಗಿ ಹೊಸದಾಗಿ ಏಳಬೇಕಾದರೆ ರೀಸ್ಟಾರ್ಟ್ ಕೊಡಬೇಕು.

ಇನ್ನು ಏನೇ ಆದರೂ "ಫಾರ್ಮ್ಯಾಟ್ ಹೊಡೆಯುವಾ" ಎನ್ನುವ ಜಾತಿ ಒಂದುಂಟು. ಸಿ ಡ್ರೈವ್ ಮಾತ್ರ ಅಳಿಸುವುದಂತೆ. ಆದರೆ ಡೆಸ್ಕ್‌ಟಾಪೂ ಡಾಕ್ಯುಮೆಂಟ್ಸೂ ಸಾಮಾನ್ಯವಾಗಿ ಇರುವುದು ಆ ಸಿ ಯಲ್ಲೇ. ಈ ಯಂತ್ರಗಳು ಬಂದದ್ದೇ ಮಕ್ಕಳ ಇಂಜಿನಿಯರಿಂಗ್ ಓದಿಗೆ. ಮಕ್ಕಳು ಬೆಂಗಳೂರಿಗೆ, ದುಬೈಗೆ ಹೋಗಿ ಆಯ್ತು. 'ನ್ಯೂ ಫೋಲ್ಡರ್ 3' ಒಳಗೆ ಕಾಲೇಜ್ ಡೇ ಫೋಟೋ, ಅರ್ಧಕ್ಕೆ ನಿಂತ ಪ್ರಾಜೆಕ್ಟ್ ರಿಪೋರ್ಟು, ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಅಲುಗಾಡುವ ವಿಡಿಯೋ. ಅದರ ಇನ್ನೊಂದು ಪ್ರತಿ ಯಾರ ಹತ್ತಿರವೂ ಇಲ್ಲ. ಮಾವ ಆ ಕಂಪ್ಯೂಟರಿನ ಮುಂದೆ ಅಷ್ಟು ಹೊತ್ತು ಕೂರುವುದು ಬರೀ ಎಕ್ಸೆಲ್‌ಗಾಗಿ ಅಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹಾಗಾಗಿ ತೆಗೆದ ಡಿಸ್ಕನ್ನು ಎಸೆಯಬೇಡಿ. ಯುಎಸ್‌ಬಿ ಕೇಸಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಟ್ಟಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ನಮ್ಮ ಮಳೆಗಾಲ ದಾಟುತ್ತದೆ. ಡಬ್ಬಿ ಯಾವ ಕಪಾಟಿನಲ್ಲುಂಟು ಎಂದು ಅತ್ತೆಗೆ ಮಾತ್ರ ಹೇಳಿ.