ಎರಡು ದ್ವೀಪ, ಮೂರು ದೇಶ, ನೂರೆಂಟು ಕ್ಯೂ

ಕೆರಿಬಿಯನ್ ಹಾಯಿದೋಣಿ ಪ್ರವಾಸದ ಜಾಹೀರಾತು ನೋಡಿರುತ್ತೀರಿ. ಬಿಳಿ ಹಾಯಿ, ನೀಲಿ ನೀರು, ಡೆಕ್ ಮೇಲೆ ಕಾಲು ಚಾಚಿ ಮಲಗಿದ ದಂಪತಿ. ಆ ಫೋಟೊದಲ್ಲಿ ಒಬ್ಬ ಮಾತ್ರ ಯಾವತ್ತೂ ಕಾಣುವುದಿಲ್ಲ. ಅವನೇ ಕ್ಯಾಪ್ಟನ್. ಎಲ್ಲರ ಪಾಸ್‌ಪೋರ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅವನು ಕಚೇರಿ ಹುಡುಕಲು ಹೋಗಿರುತ್ತಾನೆ.

ಸೇಂಟ್ ಮಾರ್ಟಿನ್ ದ್ವೀಪವನ್ನೇ ತಗೊಳ್ಳಿ. ಒಟ್ಟು 87 ಚದರ ಕಿಲೋಮೀಟರ್, ಅದರೊಳಗೇ ಎರಡು ಆಡಳಿತ. ಉತ್ತರಕ್ಕೆ ಫ್ರೆಂಚರದ್ದು, ದಕ್ಷಿಣಕ್ಕೆ ಡಚ್ಚರದ್ದು. ಪಾಲಾಗಿದ್ದು 1648ರಲ್ಲಿ. ಒಬ್ಬ ಫ್ರೆಂಚನೂ ಒಬ್ಬ ಡಚ್ಚನೂ ಬೆನ್ನಿಗೆ ಬೆನ್ನು ಮಾಡಿ ದಡದಗುಂಟ ಹೊರಟರಂತೆ, ಮತ್ತೆ ಎದುರಾದ ಕಡೆ ಗಡಿ ಎಂದರಂತೆ. ಫ್ರೆಂಚನ ಕೈಯಲ್ಲಿ ವೈನ್, ಡಚ್ಚನ ಕೈಯಲ್ಲಿ ಜಿನ್. ಯಾರ ಕಾಲು ಮೊದಲು ತಡವರಿಸಿತು ಎಂಬುದಕ್ಕೆ ಲೆಕ್ಕವೇ ಸಾಕ್ಷಿ: ಫ್ರೆಂಚರಿಗೆ 53, ಡಚ್ಚರಿಗೆ 34. ಕಟ್ಟುಕತೆಯೇ ಇರಬಹುದು. ಆದರೂ ಇಷ್ಟು ಖುಷಿಯಾಗಿ ಸರ್ವೆ ಮಾಡಿದವರನ್ನು ಬೇರೆಲ್ಲೂ ಕೇಳಿಲ್ಲ.

ಈಗ ರಸ್ತೆ ಮೇಲೆ ಹೋಗಿ. ಚೆಕ್‌ಪೋಸ್ಟ್ ಇಲ್ಲ. ಒಂದು ಕಲ್ಲುಕಂಬ, ಒಂದು ಸ್ವಾಗತ ಫಲಕ, ಅಷ್ಟೇ. ಫ್ರೆಂಚ್ ಕಡೆ ಬ್ರೆಡ್ಡು ಕೊಂಡು ಡಚ್ ಕಡೆ ತಿನ್ನಬಹುದು, ಯಾರೂ ಕೇಳುವುದಿಲ್ಲ. ಗಡಿಯನ್ನು ಶ್ರದ್ಧೆಯಿಂದ ಪಾಲಿಸುವುದು ಕರೆಂಟ್ ಮಾತ್ರ. ಆಚೆ 220 ವೋಲ್ಟ್, ಈಚೆ 110. ಹಾಂ, ಫೋನೂ ಇದೆ. ಗಡಿಯಾಚೆಯ ಪಕ್ಕದ ಮನೆಗೆ ಮಾಡಿದರೂ ಅದು ವಿದೇಶಿ ಕರೆ.

ಅದೇ ನೀವು ದೋಣಿಯಲ್ಲಿ ಹೋದಿರಿ ಅನ್ನಿ. ಮುಗೀತು ಕತೆ. ಡಚ್ ಕಡೆ 'ಹೊರಟೆ' ಎಂದು ಬರೆದುಕೊಡಬೇಕು. ಸುತ್ತು ಹಾಕಿ ಫ್ರೆಂಚ್ ಕಡೆ ಲಂಗರು ಹಾಕಿ 'ಬಂದೆ' ಎಂದು ಬರೆದುಕೊಡಬೇಕು. ಟ್ಯಾಕ್ಸಿಯಲ್ಲಿ ಬಂದರೆ ಅತಿಥಿ, ತೇಲಿ ಬಂದರೆ ಪರದೇಶಿ!

ಅದಕ್ಕೂ ಮೊದಲು ಹಳದಿ ಬಾವುಟ ಏರಿಸಬೇಕು. ನಾವಿಕರ ಬಾಯಲ್ಲಿ ಅದರ ಹೆಸರು 'ಕ್ಯೂ', ಇಂಗ್ಲಿಷಿನ Q ಅಕ್ಷರ. ಹಿಂದೆ ಹಳದಿ ಬಾವುಟ ಅಂದರೆ ಹಡಗಿನಲ್ಲಿ ರೋಗ ಇದೆ, ಹತ್ತಿರ ಬರಬೇಡಿ ಅಂತ. ಈಗ ಅದೇ ಬಾವುಟಕ್ಕೆ ನಾವೆಲ್ಲ ಗಟ್ಟಿಮುಟ್ಟಾಗಿದ್ದೇವೆ, ಒಳಗೆ ಬಿಡಿ ಅಂತ ಅರ್ಥ. ಅದು ಇಳಿಯುವ ತನಕ ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ದಡಕ್ಕೆ ಕಾಲಿಡುವಂತಿಲ್ಲ. ಮರಳು ಕಣ್ಣೆದುರೇ ಇರುತ್ತದೆ. ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡು ಬೇಯುತ್ತಿರುತ್ತಾರೆ. 'ಕ್ಯಾಪ್ಟನ್ ಎಲ್ಲಿ?' ಅಂದರೆ 'ಕ್ಯೂನಲ್ಲಿದ್ದಾರೆ.'

ಫ್ರೆಂಚ್ ಕಡೆ ಒಂದು ಸುಧಾರಣೆಯೂ ಆಗಿದೆ. ಅಧಿಕಾರಿಯ ಎದುರು ನಿಲ್ಲುವ ಬದಲು, ದೋಣಿ ಸಾಮಾನಿನ ಅಂಗಡಿಯಲ್ಲಿಟ್ಟ ಕಂಪ್ಯೂಟರಿನಲ್ಲಿ ನೀವೇ ಎಲ್ಲ ತುಂಬಿಕೊಳ್ಳಬಹುದು. ಆದರೆ ಫ್ರೆಂಚ್ ಕೀಬೋರ್ಡಿನಲ್ಲಿ 'ಎ' ಮತ್ತು 'ಕ್ಯೂ' ಜಾಗ ಬದಲಾಯಿಸಿಕೊಂಡಿವೆ. ನಮ್ಮ ಹೆಸರುಗಳಲ್ಲಿ 'ಎ' ಎಷ್ಟಿರುತ್ತದೆ ನೋಡಿ. ಬೆರಳಿನ ಅಭ್ಯಾಸದಲ್ಲಿ ನಾಗರಾಜ ಎಂದು ಒತ್ತಿದರೆ ಪರದೆ ಮೇಲೆ ನಾಲ್ಕು ಕ್ಯೂ ಮೂಡುತ್ತವೆ. ದೋಣಿಯ ಮೇಲೊಂದು ಕ್ಯೂ, ಹೆಸರಿನಲ್ಲಿ ನಾಲ್ಕು ಕ್ಯೂ, ಹಿಂದೆ ನಿಂತವರದ್ದು ಇನ್ನೊಂದು ಕ್ಯೂ.

ಇಷ್ಟಾಗಿ ಒಳಗೆ ಬಂದರೆ ಎಲ್ಲಿಗೆ ಬಂದಹಾಗಾಯಿತು? ಐರೋಪ್ಯ ಒಕ್ಕೂಟಕ್ಕೆ. ಯೂರೋ ನಡೆಯುತ್ತದೆ. ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸದೆ ದೇಶದಿಂದ ದೇಶಕ್ಕೆ ಓಡಾಡುವ ಯುರೋಪಿನ ಷೆಂಗೆನ್ ವಲಯಕ್ಕೆ ಮಾತ್ರ ಈ ಜಾಗ ಸೇರಿಲ್ಲ. ಇದು ಯಾಕೆ ಹೀಗೆ ಎಂದು ಕೇಳಬೇಡಿ, ಕೇಳಲು ಹೋದರೆ ಅಲ್ಲೂ ಒಂದು ಕ್ಯೂ ಇರುತ್ತದೆ.

ಊಟಕ್ಕೆ ಆಂಗ್ವಿಲಾ. ಎದುರಿಗೇ ಕಾಣುವ ಚಪ್ಪಟೆ ದ್ವೀಪ, ಫೆರಿಯಲ್ಲಿ ಅರ್ಧ ಗಂಟೆಯೂ ಬೇಡ. ಮತ್ತೆ 'ಹೊರಟೆ', ಮತ್ತೆ ಹಳದಿ, ಮತ್ತೆ 'ಬಂದೆ'. ಇದು ಬ್ರಿಟಿಷರದ್ದು, ಈಸ್ಟರ್ನ್ ಕೆರಿಬಿಯನ್ ಡಾಲರ್ ನಡೆಯುವ ಜಾಗ. ಬ್ರಿಟಿಷರನ್ನು ಓಡಿಸಲು ಜಗತ್ತೆಲ್ಲ ಹೋರಾಡಿದರೆ, ಇಲ್ಲಿನವರು ಬ್ರಿಟಿಷರೇ ಇರಲಿ ಎಂದು ದಂಗೆ ಎದ್ದರು. ಬ್ರಿಟನ್ ಇವರನ್ನು ಸೇಂಟ್ ಕಿಟ್ಸ್ ಎಂಬ ಇನ್ನೊಂದು ದ್ವೀಪದ ಜೊತೆ ಗಂಟು ಹಾಕಿತ್ತು. 1967ರಲ್ಲಿ ಇವರು ಸೇಂಟ್ ಕಿಟ್ಸ್‌ನ ಪೊಲೀಸರನ್ನು ವಾಪಸ್ ಕಳಿಸಿಬಿಟ್ಟರು. 1969ರಲ್ಲಿ ಬ್ರಿಟನ್ ಸೈನಿಕರನ್ನೂ ಲಂಡನ್ ಪೊಲೀಸರನ್ನೂ ಇಳಿಸಿತು. 'ನೀವೇ ಬೇಕು' ಎಂದವರ ಮೇಲೆ ದಂಡೆತ್ತಿ ಬಂದ ಸಾಮ್ರಾಜ್ಯ! ಯಾರೂ ಸಾಯಲಿಲ್ಲ, ಪುಣ್ಯ. ಆ ಸೈನಿಕರು 'ಬಂದೆ' ಎಂಬ ಫಾರಂ ತುಂಬಿದ ಸುದ್ದಿ ಎಲ್ಲೂ ಇಲ್ಲ.

ನಿಮ್ಮ ಕ್ಯಾಪ್ಟನ್‌ಗೆ ಆ ಸೌಲಭ್ಯ ಇಲ್ಲ. ಅವನು ತುಂಬುತ್ತಾನೆ. ದೋಣಿಯ ಉದ್ದ ಎಷ್ಟು, ಜನ ಎಷ್ಟು, ಹಿಂದಿನ ಬಂದರು ಯಾವುದು? ಹಿಂದಿನ ಬಂದರು ಕಿಟಕಿಯಿಂದಲೇ ಕಾಣುತ್ತಿರುತ್ತದೆ.

ಅದೇ ಕಿಟಕಿ ಪಕ್ಕದಿಂದ ನಮ್ಮ ದುಡ್ಡು ಮಾತ್ರ ಸಲೀಸಾಗಿ ಒಳಗೆ ಹೋಗುತ್ತಿದೆ. ಎಐ ಕಂಪನಿಗಳ ವೆಬ್ ವಿಳಾಸದ ಕೊನೆಗೆ 'ಡಾಟ್ ಎಐ' ಇರುತ್ತದಲ್ವಾ? ಭಾರತಕ್ಕೆ 'ಡಾಟ್ ಇನ್' ಇದ್ದಹಾಗೆ, ಅದು ಆಂಗ್ವಿಲಾಕ್ಕೆ 1995ರಲ್ಲಿ ಸಿಕ್ಕ ಅಕ್ಷರ. 2023ರಲ್ಲಿ ಅದರಿಂದಲೇ ಸುಮಾರು 3.2 ಕೋಟಿ ಡಾಲರ್ ಬಂತು, ಹದಿನೈದು ಸಾವಿರ ಚಿಲ್ಲರೆ ಜನರಿರುವ ದ್ವೀಪಕ್ಕೆ! ಕೋರಮಂಗಲದ ಹುಡುಗ ಟೀ ಕುಡಿಯುತ್ತಾ ಹೆಸರು ನೋಂದಾಯಿಸಿದರೂ ಅದರ ಒಂದು ಪಾಲು ಅಲ್ಲಿಗೇ. ಬಾವುಟವಿಲ್ಲ, ಫಾರಂ ಇಲ್ಲ, 'ಹಿಂದಿನ ಬಂದರು ಯಾವುದು' ಎಂದು ಕೇಳುವವರೂ ಇಲ್ಲ.

ಸಂಜೆ ಡಚ್ ಕಡೆಗೆ ವಾಪಸ್. ದಂಪತಿ ಡೆಕ್ ಮೇಲೆ ಕಾಲು ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹಿನ್ನೆಲೆಯಲ್ಲಿ ಏನೋ ಹಳದಿ ಬಟ್ಟೆ ಅಡ್ಡ ಬಂದಿದೆ, ಅದನ್ನು ಕ್ರಾಪ್ ಮಾಡಬೇಕು.